ಸಭೆಗೂ ಒಂದು ಹದ ಬೇಡವೇ?



ಬೀಜೋಪಚಾರ, ಮೇಲುಗೊಬ್ಬರ, ಕಾಂಡಕೊರಕ ಎಂದು ಬರೆದುಕೊಂಡು ಬಂದ ನಾನು ಈ ವಾರ ಒಂದು ಶಾಲೆಯ ಆಯವ್ಯಯದ ಕಥೆ ಹೇಳಹೊರಟಿದ್ದೇನೆ. ಅದೂ ಅಮೆರಿಕ ದೇಶದ ಶಾಲೆ. ಇದೇನು ಈ ಕೃಷಿ ಅಧಿಕಾರಿಗೆ ಬೇರೆ ಕೆಲಸವಿಲ್ಲವೇ ಎಂದು ವಾಚನಾಲಯದ ಬೆಂಚಿನ ಮೇಲೆ ಕುಳಿತ ಹಿರಿಯರು ನಕ್ಕರೂ ಚಿಂತೆಯಿಲ್ಲ. ಕೊನೆಯವರೆಗೆ ಓದಿ. ಇದು ಶಾಲೆಯ ವಿಚಾರ ಹೇಗೋ ಹಾಗೆಯೇ ಬೇಸಾಯಗಾರನ ಬಿಡುವಿನ ವಿಚಾರವೂ ಹೌದು.

ಅಮೆರಿಕದ ಈಶಾನ್ಯ ಮೂಲೆಯಲ್ಲಿ ನ್ಯೂ ಹ್ಯಾಂಪ್‌ಶೈರ್ ಎಂಬ ಸಣ್ಣ ರಾಜ್ಯವಿದೆ. ಅಲ್ಲಿ ಕ್ರಾಯ್ಡನ್ ಎಂಬುದೊಂದು ಊರು. ಜನಸಂಖ್ಯೆ ಸುಮಾರು 800. ನಮ್ಮ ಲೆಕ್ಕದಲ್ಲಿ ಅದು ಒಂದು ಮಜರೆ ಹಳ್ಳಿಯಷ್ಟು. ಊರಲ್ಲಿ ಬಹಳ ಹಳೆಯದಾದ ಒಂದು ಪುಟ್ಟ ಶಾಲೆ ಇದೆ, ನಾಲ್ಕನೇ ತರಗತಿಯವರೆಗೆ ಮಾತ್ರ. ಮುಂದಿನ ತರಗತಿಯ ಮಕ್ಕಳನ್ನು ನೆರೆಯೂರುಗಳ ಶಾಲೆಗಳಿಗೆ ಕಳುಹಿಸಿ, ಅವರ ಶುಲ್ಕವನ್ನು ಈ ಊರೇ ಕಟ್ಟುತ್ತದೆ. ಎಲ್ಲ ಸೇರಿ ಸುಮಾರು 80 ಮಕ್ಕಳು. ಈ ಖರ್ಚಿಗೆಂದು 2022ನೇ ಇಸವಿಯಲ್ಲಿ ಶಾಲಾ ಮಂಡಳಿ ಸಿದ್ಧಪಡಿಸಿದ್ದ ಆಯವ್ಯಯ 17 ಲಕ್ಷ ಡಾಲರು.

ಆ ವರ್ಷ ಮಾರ್ಚ್ 12, ಶನಿವಾರ, ಊರಿನ ವಾರ್ಷಿಕ ಸಭೆ. ಹೊರಗೆ ಹಿಮ ಬೀಳುತ್ತಿತ್ತು. ಬೆಳಿಗ್ಗೆ ಊರಿನ ರಸ್ತೆ ಮುಂತಾದ ಖರ್ಚುಗಳಿಗೆ ಒಪ್ಪಿಗೆ ಸಿಕ್ಕಿತು. ಮಧ್ಯಾಹ್ನ ಶಾಲೆಯ ವಿಷಯ ಬಂತು. ಊರ ಆಡಳಿತ ಮಂಡಳಿಯ ಸದಸ್ಯರೊಬ್ಬರು ಎದ್ದು ನಿಂತು, ಮಗುವೊಂದಕ್ಕೆ 10 ಸಾವಿರ ಡಾಲರು ಸಾಕು, ಒಟ್ಟು 8 ಲಕ್ಷ ಡಾಲರಿಗೆ ಇಳಿಸೋಣ ಎಂದು ತಿದ್ದುಪಡಿ ಸೂಚಿಸಿದರು. ಚರ್ಚೆ ನಡೆಯಿತು, ಮತಕ್ಕೆ ಹಾಕಿದರು. ಪರವಾಗಿ 20, ವಿರೋಧವಾಗಿ 14. ಅಲ್ಲಿಗೆ ಮುಗಿಯಿತು. ಶಾಲೆಯ ಹಣ ಅರ್ಧಕ್ಕಿಂತ ಕೆಳಗೆ ಬಂತು.

ಸಭೆಯಲ್ಲಿ ಇದ್ದವರು 34 ಮಂದಿ. ಊರಿನ ಮತದಾರರಲ್ಲಿ ಅದು ನೂರಕ್ಕೆ ಆರು ಜನ. ಮಿಕ್ಕವರೆಲ್ಲ ಎಲ್ಲಿದ್ದರು? ಹಿಮ ಬೀಳುವ ದಿನ ಕಾರು ತೆಗೆಯುವುದು ಬೇಡವೆಂದು ಕೆಲವರು ಮನೆಯಲ್ಲಿ ಉಳಿದಿದ್ದರು. ಕೊರೊನಾ ಭಯ ಇನ್ನೂ ಪೂರ್ತಿ ಹೋಗಿರಲಿಲ್ಲ. ಪ್ರತಿ ವರ್ಷ ಆಗುವುದೇ ಈ ವರ್ಷವೂ ಆಗುತ್ತದೆ, ನಾನೊಬ್ಬ ಹೋಗದಿದ್ದರೆ ಏನಾದೀತು ಎಂದುಕೊಂಡವರೂ ಇದ್ದೇ ಇರುತ್ತಾರೆ. ಈ ಕೊನೆಯ ಜಾತಿಯವರನ್ನು ನಾವು ನೀವು ಎಲ್ಲ ಊರಲ್ಲೂ ಬಲ್ಲೆವು.

ಸುದ್ದಿ ಹಬ್ಬಿದ ಮೇಲೆ ಊರಿಗೆ ಎಚ್ಚರವಾಯಿತು. ನೆರೆಯೂರಿನ ಶಾಲೆಗಳ ಶುಲ್ಕ 10 ಸಾವಿರ ಡಾಲರಿಗಿಂತ ಹೆಚ್ಚು. ಮಿಕ್ಕ ಹಣವನ್ನು ತಂದೆತಾಯಿಗಳೇ ಕೈಯಿಂದ ಹಾಕಬೇಕು. ಇಲ್ಲವಾದರೆ ಅಗ್ಗದ ಬೇರೆ ಏರ್ಪಾಟು ನೋಡಿಕೊಳ್ಳಬೇಕು. ಪಕ್ಷ ಭೇದ ಮರೆತು ಜನ ಒಂದಾದರು, ಅರ್ಜಿಗೆ ಸಹಿ ಹಾಕಿಸಿದರು, ವಿಶೇಷ ಸಭೆ ಕರೆಸಿದರು. ಆದರೆ ಅಲ್ಲಿನ ಕಾನೂನಿನಲ್ಲಿ ಒಂದು ಗಂಟು ಇದೆ. ಹಣ ಮಂಜೂರು ಮಾಡುವ ವಿಶೇಷ ಸಭೆಯಲ್ಲಿ ಊರಿನ ಮತದಾರರಲ್ಲಿ ಅರ್ಧದಷ್ಟು ಜನ ಮತ ಹಾಕಿದರೆ ಮಾತ್ರ ತೀರ್ಮಾನ ಊರ್ಜಿತ. ಕ್ರಾಯ್ಡನ್ನಿಗೆ ಅದು 283 ಮಂದಿ. ಒಬ್ಬ ಮನೆಯಲ್ಲಿ ಉಳಿದರೆ ವಿರೋಧವಾಗಿ ಮತ ಹಾಕಿದಷ್ಟೇ ಫಲ. ಜನ ಮನೆಮನೆ ತಿರುಗಿದರು, ದೂರವಾಣಿ ಮಾಡಿದರು, ಅಂಗಳಗಳಲ್ಲಿ ಫಲಕ ನೆಟ್ಟರು. ಮೇ 7ರಂದು, ಅದೂ ಶನಿವಾರವೇ, ಸಭೆ ಸೇರಿತು. ಬಂದವರು 379. ಹಳೆಯ ಆಯವ್ಯಯ ಮರಳಿ ಬರಲಿ ಎಂದವರು 377, ಬೇಡವೆಂದವರು ಇಬ್ಬರು.

ಈ ಎರಡು ಸಭೆಗಳ ನಡುವೆ ಎಂಟು ವಾರ. ಊರು ಅದೇ, ಶಾಲೆ ಅದೇ, ಲೆಕ್ಕ ಅದೇ. ಜನರ ಮನಸ್ಸು ಎಂಟು ವಾರದಲ್ಲಿ ತಿರುಗಿತೇ? ನನಗೆ ಹಾಗೆ ಅನಿಸುವುದಿಲ್ಲ. ಮೊದಲ ಸಭೆಗೆ ಊರು ಬಂದಿರಲಿಲ್ಲ, ಎರಡನೆಯದಕ್ಕೆ ಬಂತು, ಅಷ್ಟೆ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಮೊದಲ ಸಭೆಯ 20 ಮಂದಿ ಕಾನೂನು ಮೀರಿದವರಲ್ಲ. ತೆರಿಗೆ ಕಡಿಮೆಯಾಗಲಿ ಎನ್ನುವುದು ಅಪರಾಧವೂ ಅಲ್ಲ. ಅವರು ಹಿಮದಲ್ಲಿ ನಡೆದು ಬಂದರು, ಕೈ ಎತ್ತಿದರು. ತಪ್ಪು ಇದ್ದರೆ ಏರ್ಪಾಟಿನಲ್ಲಿದೆ.

ಆ ಏರ್ಪಾಟು ನಮ್ಮದಕ್ಕಿಂತ ಬೇರೆ ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ನಮ್ಮಲ್ಲಿ ಸರ್ಕಾರಿ ಶಾಲೆಯ ಉಪಾಧ್ಯಾಯರ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತದೆ. ಅದಕ್ಕಾಗಿ ಊರವರು ಕೈ ಎತ್ತಬೇಕಾಗಿಲ್ಲ. ಅಲ್ಲಿ ಶಾಲೆಗೆಂದೇ ಪ್ರತ್ಯೇಕ ಆಡಳಿತ ಘಟಕವಿದೆ, ಅದನ್ನು ಸ್ಕೂಲ್ ಡಿಸ್ಟ್ರಿಕ್ಟ್ ಎನ್ನುತ್ತಾರೆ. ಹೆಸರು ಜಿಲ್ಲೆಯೆಂದಿದ್ದರೂ ನಮ್ಮ ಜಿಲ್ಲೆಯಂಥದಲ್ಲ. ಒಂದೇ ಊರಿನದೂ ಇರಬಹುದು, ನಾಲ್ಕಾರು ಊರು ಸೇರಿದ್ದೂ ಇರಬಹುದು. ಉಪಾಧ್ಯಾಯರ ಸಂಬಳ, ಬಸ್ಸು, ಕಟ್ಟಡ, ಚಳಿಗಾಲದ ಬಿಸಿಗೆ ಬೇಕಾದ ಇಂಧನ, ಎಲ್ಲಕ್ಕೂ ಅದೇ ಹೊಣೆ. ಹಣದ ದೊಡ್ಡ ಭಾಗ ಮನೆ ಮತ್ತು ಜಮೀನಿನ ಮೇಲಿನ ಆಸ್ತಿ ತೆರಿಗೆಯಿಂದ ಬರುತ್ತದೆ. ಹೀಗಾಗಿ ಖರ್ಚು ಹೆಚ್ಚಿದರೆ ತೆರಿಗೆ ಚೀಟಿಯಲ್ಲಿ ಅದು ನೇರವಾಗಿ ಕಾಣುತ್ತದೆ. ಬೇಸಾಯಗಾರನಿಗೆ ಇದು ಎರಡು ಅಲಗಿನ ಕತ್ತಿ. ಅವನ ಮಕ್ಕಳಿಗೂ ಶಾಲೆ ಬೇಕು. ಆದರೆ ಅವನ ಹತ್ತಿರ ಇರುವುದು ಎಕರೆಗಟ್ಟಲೆ ನೆಲ, ಕೈಯಲ್ಲಿ ನಗದು ಕಡಿಮೆ. ಪೇಟೆಯ ಧಾರಣೆಯಲ್ಲಿ ನೆಲಕ್ಕೆ ಬೆಲೆ ಕಟ್ಟಿ ತೆರಿಗೆ ಹಾಕಿದರೆ ಹಸು ಮಾರಿಕೊಳ್ಳಬೇಕಾದೀತು. ಅದಕ್ಕೇ ನ್ಯೂ ಹ್ಯಾಂಪ್‌ಶೈರಿನಲ್ಲಿಯೂ ಪಕ್ಕದ ವರ್ಮಾಂಟ್ ರಾಜ್ಯದಲ್ಲಿಯೂ ಸಾಗುವಳಿ ನೆಲಕ್ಕೆ ಸಾಗುವಳಿಯ ಬೆಲೆಯನ್ನಷ್ಟೇ ಹಿಡಿಯುವ ರಿಯಾಯಿತಿ ಇದೆ.

ಇನ್ನು ತಿಥಿಯ ವಿಚಾರ. ವರ್ಮಾಂಟಿನಲ್ಲಿ ಊರಸಭೆ ಮಾರ್ಚ್ ತಿಂಗಳ ಮೊದಲ ಮಂಗಳವಾರ, ನ್ಯೂ ಹ್ಯಾಂಪ್‌ಶೈರಿನಲ್ಲಿ ಎರಡನೆಯ ಮಂಗಳವಾರದ ಸುತ್ತ. ಶಾಲಾ ಸಭೆಗಳೂ ಮಾರ್ಚಿನಲ್ಲೇ. ಯಾಕೆ ಮಾರ್ಚ್? ಪಂಚಾಂಗದವರು ಇಟ್ಟ ಮುಹೂರ್ತವಲ್ಲ, ಬೇಸಾಯಗಾರರು ಇಟ್ಟದ್ದು ಎಂದು ಅಲ್ಲಿಯವರೇ ಹೇಳುತ್ತಾರೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುವ ಆಸೆ ನನಗೆ. ಅಲ್ಲಿ ಮಾರ್ಚ್ ಮೊದಲಲ್ಲಿ ನೆಲ ಇನ್ನೂ ಹೆಪ್ಪುಗಟ್ಟಿರುತ್ತದೆ, ಮಣ್ಣಿನ ರಸ್ತೆಗಳು ಕಲ್ಲಿನಂತೆ ಗಟ್ಟಿಯಾಗಿರುತ್ತವೆ. ಗಾಡಿ ಓಡುತ್ತದೆ. ಇನ್ನೆರಡು ಮೂರು ವಾರ ಕಳೆದರೆ ಹಿಮ ಕರಗಿ ಅದೇ ರಸ್ತೆ ನಮ್ಮ ನಾಟಿ ಗದ್ದೆಯಾಗುತ್ತದೆ. ಆ ಕಾಲಕ್ಕೆ ಅವರು ಕೆಸರುಗಾಲ ಎಂದೇ ಹೆಸರಿಟ್ಟಿದ್ದಾರೆ. ಜೊತೆಗೆ ಮೇಪಲ್ ಮರದ ರಸ ಇಳಿಯುವ ಸಮಯವೂ ಬರುತ್ತದೆ. ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಕರಗುವಷ್ಟು ಬಿಸಿಲು, ಇವೆರಡೂ ಸೇರಿದಾಗ ಮಾತ್ರ ಆ ಮರ ರಸ ಕೊಡುತ್ತದೆ. ಸುಮಾರು 40 ಲೀಟರು ರಸ ಕಾಯಿಸಿದರೆ 1 ಲೀಟರು ಪಾಕ. ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ಕೂತವರಿಗೆ ಅದರ ಗೋಳು ಗೊತ್ತು. ಒಲೆ ಹೊತ್ತಿದ ಮೇಲೆ ಯಾರ ಸಭೆಗೂ ಎದ್ದು ಹೋಗುವಂತಿಲ್ಲ. ಅಮೆರಿಕದಲ್ಲಿ ಈ ಪಾಕವನ್ನು ಹೆಚ್ಚು ತಯಾರಿಸುವ ರಾಜ್ಯ ವರ್ಮಾಂಟೇ. ಪಾಕ ಮುಗಿದರೆ ಉಳುಮೆ, ಬಿತ್ತನೆ, ಹುಲ್ಲು ಕೊಯ್ಲು. ಆದ್ದರಿಂದ ಚಳಿಗಾಲದ ಬಿಡುವು ಮುಗಿಯುವ ಮೊದಲು, ರಸ್ತೆ ಕೆಡುವ ಮೊದಲು ಊರವರೆಲ್ಲ ಸೇರಿ ವರ್ಷದ ಲೆಕ್ಕ ಮುಗಿಸಿಬಿಡುತ್ತಿದ್ದರು. ಬೆಳಿಗ್ಗೆ ಹಾಲು ಕರೆದು ಬಂದವರು ಮಧ್ಯಾಹ್ನ ಮನೆಗಳಿಂದ ತಂದ ಅಡುಗೆಯನ್ನು ಒಟ್ಟಿಗೆ ಉಂಡು, ಸಂಜೆಯ ಹಾಲಿಗೆ ಹಿಂದಿರುಗುವಂತೆ ಸಭೆ. ಅಮೆರಿಕದ ಅಧ್ಯಕ್ಷ ಚುನಾವಣೆಯನ್ನು ನವೆಂಬರಿನ ಮಂಗಳವಾರಕ್ಕೆ ಗೊತ್ತುಮಾಡಿದ 1845ರ ಕಾನೂನಿಗೂ ಕೊಯ್ಲು ಮುಗಿದ ಕಾಲ ಎಂಬುದೇ ಒಂದು ಕಾರಣವೆನ್ನುತ್ತಾರೆ.

ಆದರೆ ಕಾಲ ಬದಲಾಗಿದೆ. ಇಂದು ಆ ಊರುಗಳಲ್ಲಿ ಹಾಲು ಕರೆಯುವವರು ಬೆರಳೆಣಿಕೆಯಷ್ಟು. ಹೆಚ್ಚಿನವರು ಬೇರೆ ಊರಿಗೆ ಕೆಲಸಕ್ಕೆ ಹೋಗಿಬರುವವರು. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಒಕ್ಕಲಿಗನಿಗೆ ಅನುಕೂಲ, ಆಸ್ಪತ್ರೆಯ ದಾದಿಗೆ ಅಲ್ಲ. ರಾತ್ರಿ ಏಳು ಗಂಟೆ ದಾದಿಗೆ ಅನುಕೂಲವಾಗಬಹುದು, ಎಳೆಯ ಮಗುವಿನ ತಾಯಿಗೆ ಅಲ್ಲ. ಶನಿವಾರವಾದರೆ ಅಂಗಡಿಯಲ್ಲಿ ಕೆಲಸ ಮಾಡುವವನಿಗೆ ಬಿಡುವಿಲ್ಲ. ವರ್ಮಾಂಟು ಇದಕ್ಕೆ ತನಗೆ ತೋಚಿದ ಉಪಾಯ ಮಾಡಿದೆ. ಸಭೆಯ ದಿನ ರಾಜ್ಯಕ್ಕೆ ರಜೆ. ಖಾಸಗಿ ನೌಕರನೂ ಏಳು ದಿನ ಮೊದಲೇ ತಿಳಿಸಿದರೆ ಸಂಬಳವಿಲ್ಲದ ರಜೆ ಪಡೆದು ತನ್ನೂರ ಸಭೆಗೆ ಹೋಗುವ ಹಕ್ಕು ಉಂಟು. ಸಂಬಳವಿಲ್ಲದ ರಜೆ ಎಂಬಲ್ಲೇ ಕೂಲಿಯವನ ಕಾಲು ತಡೆಯುತ್ತದೆ, ಅದು ಬೇರೆ ಮಾತು. ಸಭೆಯ ತಿಳಿವಳಿಕೆ ಪತ್ರವನ್ನು ಕನಿಷ್ಠ 30 ದಿನ, ಹೆಚ್ಚೆಂದರೆ 40 ದಿನ ಮೊದಲು ಅಂಟಿಸಬೇಕು. ಯಾವ ಯಾವ ವಿಷಯಕ್ಕೆ ಮತ ಎಂಬುದೂ ಅದರಲ್ಲೇ ಇರಬೇಕು. ಈ 30 ದಿನದ ನಿಯಮ ನನಗೆ ಬಹಳ ಹಿಡಿಸಿತು.

ಇನ್ನೊಂದು ದಾರಿಯೆಂದರೆ ಮಾತನ್ನೂ ಮತವನ್ನೂ ಬೇರೆ ಮಾಡುವುದು. ನ್ಯೂ ಹ್ಯಾಂಪ್‌ಶೈರ್ 1995ರಲ್ಲಿ ಅಂಥ ಕಾನೂನು ಮಾಡಿತು. ಅದನ್ನು ಒಪ್ಪಿಕೊಂಡ ಊರುಗಳಲ್ಲಿ ಚಳಿಗಾಲದಲ್ಲಿ ಒಂದು ಚರ್ಚೆಯ ಸಭೆ. ಅಲ್ಲಿ ಆಯವ್ಯಯವನ್ನು ತಿದ್ದಬಹುದು. ಮಾರ್ಚಿನಲ್ಲಿ ಮತಪೆಟ್ಟಿಗೆ. ಜನ ತಮಗೆ ಬಿಡುವಾದ ಹೊತ್ತಿಗೆ ಬಂದು ಗುಟ್ಟಾಗಿ ಮತ ಹಾಕಿ ಹೋಗಬಹುದು. ಆಯವ್ಯಯ ಬಿದ್ದುಹೋದರೆ ಹಿಂದಿನ ವರ್ಷದ ಆಧಾರದ ಮೇಲೆ ಸಿದ್ಧವಾಗಿಟ್ಟ ಬದಲಿ ಆಯವ್ಯಯ ಜಾರಿಗೆ ಬರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಮತ ಹಾಕುವ ದಿನ ಬೇರೆ ಇದೆಯೆಂದಾದ ಮೇಲೆ ಚರ್ಚೆಯ ದಿನ ಯಾರು ಬರುತ್ತಾರೆ? ಬೆರಳೆಣಿಕೆಯ ಮಂದಿ ಬಂದು ಅಂಕಿ ತಿದ್ದುತ್ತಾರೆ. ಆಮೇಲೆ ನೂರಾರು ಜನ ಬಂದು ಆ ಅಂಕಿಗೆ ಹೌದು ಅಥವಾ ಅಲ್ಲ ಎನ್ನಬೇಕು. ಕಡಿಮೆ ಮಾಡಿ, ಆದರೆ ಇಷ್ಟೇ ಕಡಿಮೆ ಮಾಡಿ ಎಂದು ಹೇಳುವ ಅವಕಾಶ ಪೆಟ್ಟಿಗೆಯ ಮುಂದೆ ಇಲ್ಲ.

ನ್ಯೂಯಾರ್ಕ್ ರಾಜ್ಯದಲ್ಲಿ ದೊಡ್ಡ ನಗರಗಳನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲ ಕಡೆ ಮೇ ತಿಂಗಳ ಮೂರನೆಯ ಮಂಗಳವಾರ ಶಾಲಾ ಆಯವ್ಯಯಕ್ಕೆ ಮತ. ಅದಕ್ಕೆ 7ರಿಂದ 14 ದಿನ ಮೊದಲು ಬಹಿರಂಗ ವಿಚಾರಣೆ. ಮೇ ತಿಂಗಳೆಂದರೆ ಅಲ್ಲಿ ಮುಸುಕಿನ ಜೋಳದ ಬಿತ್ತನೆ ಭರದಿಂದ ನಡೆಯುವ ಸಮಯ, ಹಾಗಾಗಿ ರೈತನ ದೃಷ್ಟಿಯಿಂದ ಒಳ್ಳೆಯ ತಿಥಿಯೇನಲ್ಲ. ಆದರೆ ರಾಜ್ಯಕ್ಕೆಲ್ಲ ಒಂದೇ ದಿನ ಎಂಬುದರಲ್ಲಿ ಒಂದು ಗುಣ ಇದೆ. ಯಾವ ಮಂಡಳಿಯೂ ತನಗೆ ಬೇಕಾದವರಷ್ಟೇ ಬರುವ ದಿನವನ್ನು ಆರಿಸಿಕೊಳ್ಳಲಾರದು. ಆ ದಿನ ಧಾರ್ಮಿಕ ಹಬ್ಬ ಬಿದ್ದರೆ, ಮಾರ್ಚ್ 1ರೊಳಗೆ ಕೇಳಿಕೊಂಡು ಒಂದು ವಾರ ಹಿಂದಕ್ಕೆ ತರಬಹುದು. ಮೊದಲ ಸಲ ಸೋತರೆ ಜೂನಿನಲ್ಲಿ ಮತ್ತೊಂದು ಅವಕಾಶ. ಎರಡು ಸಲವೂ ಸೋತರೆ ಕತ್ತರಿ ಹಾಕಿದ ಆಪತ್ಕಾಲದ ಆಯವ್ಯಯದಲ್ಲಿ ಕಾಲ ಹಾಕಬೇಕು.

ವರ್ಮಾಂಟಿನಲ್ಲಿ 2024ರಲ್ಲಿ ತಿಥಿಯ ಮಹತ್ವ ಇನ್ನೊಂದು ರೀತಿಯಲ್ಲಿ ಕಂಡುಬಂತು. ಎರಡು ವರ್ಷ ಹಿಂದೆ ಮಾಡಿದ್ದ ಶಾಲಾ ಹಣಕಾಸಿನ ಕಾನೂನಿನ ಒಂದು ಅಂಶದಿಂದ ತೆರಿಗೆ ಏರುವುದೆಂದು ತಿಳಿದು, ಶಾಸನಸಭೆ ಸರಿಯಾಗಿ ಫೆಬ್ರುವರಿಯಲ್ಲಿ, ಅಂದರೆ ತಿಳಿವಳಿಕೆ ಪತ್ರಗಳು ಗೋಡೆಗೆ ಅಂಟಿದ ಮೇಲೆ, ಅದನ್ನು ತಿದ್ದಿತು. ಬೇಕಾದವರು ಮತವನ್ನು ಏಪ್ರಿಲ್ 15ರವರೆಗೆ ಮುಂದೂಡಬಹುದೆಂದೂ ಹೇಳಿತು. ಕೆಲವರು ಮುಂದೂಡಿದರು, ಹೆಚ್ಚಿನವರು ಮಾರ್ಚ್ 5ಕ್ಕೇ ಹೋದರು. ಅಂದು ಅಧ್ಯಕ್ಷ ಪದವಿಯ ಅಭ್ಯರ್ಥಿಗಳ ಆಯ್ಕೆಗೂ ಮತದಾನವಿತ್ತು. ಸುಮಾರು ಮೂರನೇ ಒಂದು ಪಾಲು ಶಾಲಾ ಆಯವ್ಯಯಗಳು ಬಿದ್ದುಹೋದವು. ಅಲ್ಲಿ ಆರ್ಥಿಕ ವರ್ಷ ಜುಲೈ 1ರಿಂದ. ಅಷ್ಟರೊಳಗೆ ತಿದ್ದಿ ತಿದ್ದಿ ಮತ್ತೆ ಜನರ ಮುಂದೆ ಹೋಗಬೇಕು. ಆಗದಿದ್ದರೆ ಹಿಂದಿನ ಆಯವ್ಯಯದ ನೂರಕ್ಕೆ 87ರವರೆಗೆ ಸಾಲ ತಂದು ಶಾಲೆ ನಡೆಸಬೇಕು. ಕೆಲವು ಕಡೆ ಮೂರು ಮೂರು ಸಲ ಮತದಾನ ನಡೆಯಿತು. ಆದರೂ ನಾನು ಒಂದು ಸಂಗತಿ ಮೆಚ್ಚುತ್ತೇನೆ. ಮಾರ್ಚಿಗೂ ಜುಲೈಗೂ ನಡುವೆ ನಾಲ್ಕು ತಿಂಗಳು ಇದ್ದದ್ದರಿಂದಲೇ ಈ ತಿದ್ದುಪಡಿಗೆ ಎಡೆ ಸಿಕ್ಕಿತು. ಮೊದಲ ಬಿತ್ತನೆ ಹುಟ್ಟದಿದ್ದರೆ ಮರುಬಿತ್ತನೆಗೆ ಹದ ಉಳಿದಿರಬೇಕು, ಅದೇ ಲೆಕ್ಕ.

ಹಾಗಾದರೆ ಸಭೆ ಒಳ್ಳೆಯದೋ, ಮತಪೆಟ್ಟಿಗೆ ಒಳ್ಳೆಯದೋ? ವರ್ಮಾಂಟಿನ ಪ್ರಾಧ್ಯಾಪಕ ಫ್ರಾಂಕ್ ಬ್ರಯಾನ್ ಎಂಬವರು ಸುಮಾರು ಮೂವತ್ತು ವರ್ಷ ತಮ್ಮ ವಿದ್ಯಾರ್ಥಿಗಳೊಡನೆ ಸಾವಿರಕ್ಕೂ ಹೆಚ್ಚು ಊರಸಭೆಗಳಲ್ಲಿ ಕುಳಿತು ತಲೆ ಎಣಿಸಿದರು. 2004ರಲ್ಲಿ ಅದನ್ನು ಪುಸ್ತಕವಾಗಿ ತಂದರು. ಸರಾಸರಿ ಮತದಾರರಲ್ಲಿ ಐದರಲ್ಲೊಬ್ಬ ಸಭೆಗೆ ಬರುತ್ತಾನೆ, ಊರು ಚಿಕ್ಕದಾದಷ್ಟೂ ಹೆಚ್ಚು ಪಾಲು ಜನ ಬರುತ್ತಾರೆ ಎಂದು ಅವರು ಕಂಡುಕೊಂಡರು. ಪೆಟ್ಟಿಗೆಗೆ ಇದಕ್ಕಿಂತ ಹೆಚ್ಚು ಜನ ಬರಬಹುದು. ಆದರೂ ನನ್ನ ಒಲವು ಸಭೆಯ ಕಡೆಗೇ. ಬಸ್ಸಿನ ಖರ್ಚು ಯಾಕೆ ಏರಿತು ಎಂದು ಎದ್ದು ನಿಂತು ಕೇಳಿ, ಶಾಲಾ ಮಂಡಳಿಯವರ ಬಾಯಿಂದಲೇ ಉತ್ತರ ಕೇಳಿಸಿಕೊಂಡು, ಪಕ್ಕದ ಮನೆಯ ವಿಧವೆಗೆ ತೆರಿಗೆ ಎಷ್ಟು ಭಾರವೆಂದು ಅವಳ ಬಾಯಿಂದಲೇ ಕೇಳಿ, ಆಮೇಲೆ ಕೈ ಎತ್ತುವುದಕ್ಕೂ, ಒಬ್ಬನೇ ಮರೆಯಲ್ಲಿ ನಿಂತು ಗುರುತು ಹಾಕುವುದಕ್ಕೂ ವ್ಯತ್ಯಾಸವಿದೆ. ಇಪ್ಪತ್ತು ವರ್ಷ ಹಳ್ಳಿಗಳಲ್ಲಿ ರೈತರ ಸಭೆ ನಡೆಸಿದವನಾಗಿ ಈ ಮಾತು ಹೇಳುತ್ತಿದ್ದೇನೆ. ಕರಪತ್ರ ಹಂಚಿದ ಊರಿಗಿಂತ ಕೂತು ಜಗಳವಾಡಿದ ಊರು ಬೇಗ ತಿದ್ದಿಕೊಳ್ಳುತ್ತದೆ.

ಆದರೆ ಸಭೆಯೇ ಸಾಕೆಂದಾದರೆ ಕ್ರಾಯ್ಡನ್ನಿನ ಮಾರ್ಚ್ 12ಕ್ಕೆ ಉತ್ತರ ಹೇಳಬೇಕು. ವಿಶೇಷ ಸಭೆಗೆ ಅರ್ಧ ಊರು ಬರಬೇಕೆನ್ನುವ ಕಾನೂನು ವಾರ್ಷಿಕ ಸಭೆಗೆ 34 ಜನ ಸಾಕೆಂದು ಸುಮ್ಮನಿರುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ. ವಾರ್ಷಿಕ ಸಭೆಗೂ ಅರ್ಧ ಊರು ಬೇಕೆಂದರೆ? ಅದೂ ನಡೆಯದು. ಶಾಲೆ ಬೇಡವೆನ್ನುವವರು ಮನೆಯಲ್ಲಿ ಮಲಗಿಯೇ ಗೆದ್ದುಬಿಡುತ್ತಾರೆ. ನನ್ನ ಅಭಿಪ್ರಾಯವೇನೆಂದರೆ, ಕಡಿಮೆ ಜನ ಸೇರಿದ ಸಭೆಯಲ್ಲಿ, ಮೊದಲೇ ಪ್ರಕಟವಾದ ಅಂಕಿಯನ್ನು ಅರ್ಧದಷ್ಟು ಏರಿಸುವ ಅಥವಾ ಇಳಿಸುವ ತಿದ್ದುಪಡಿ ಬಂದರೆ, ಆ ತೀರ್ಮಾನ ತಾನಾಗಿಯೇ ಎರಡು ಮೂರು ವಾರ ತಡೆದು ನಿಲ್ಲಬೇಕು, ಮತ್ತೊಂದು ದಿನ ಊರಿನ ಮುಂದೆ ಬರಬೇಕು. ಹಿಮ ಬಿದ್ದರೆ ಸಭೆ ಇಂಥ ದಿನಕ್ಕೆ ಎಂದು ಬದಲಿ ತಿಥಿಯೂ ತಿಳಿವಳಿಕೆ ಪತ್ರದಲ್ಲೇ ಇರಲಿ. ಮಕ್ಕಳನ್ನು ನೋಡಿಕೊಳ್ಳಲು ಶಾಲೆಯ ಒಂದು ಕೊಠಡಿಯನ್ನು ಬಿಟ್ಟುಕೊಡಲಿ, ಹೇಗೂ ಕಟ್ಟಡ ಅವರದೇ.

ಇಷ್ಟು ದೂರದ ಊರಿನ ಕಥೆ ನನಗೆ ಯಾಕೆ ನಾಟಿತು ಎಂಬುದನ್ನೂ ಹೇಳಿಬಿಡುತ್ತೇನೆ. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾನೂನಿನ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು. ಶಾಲೆಯ ಸಂಬಳ ನಮ್ಮ ಕೈಯಲ್ಲಿಲ್ಲದಿದ್ದರೂ ಶಾಲೆಯ ಕಾಂಪೌಂಡು, ಶೌಚಾಲಯ, ಕುಡಿಯುವ ನೀರು, ಆಟದ ಬಯಲು ಪಂಚಾಯಿತಿಯ ಕ್ರಿಯಾಯೋಜನೆಗೆ ಸೇರಬಹುದಾದ ಬಾಬ್ತುಗಳೇ. ಕೆಲವು ವರ್ಷ ಹಿಂದೆ ನಾನಿದ್ದ ಹೋಬಳಿಯ ಒಂದು ಪಂಚಾಯಿತಿಯಲ್ಲಿ ಜೂನ್ ತಿಂಗಳ ಒಂದು ಬೆಳಿಗ್ಗೆ ಹನ್ನೊಂದಕ್ಕೆ ಗ್ರಾಮಸಭೆ ಕರೆದಿದ್ದರು. ಇಲಾಖೆಯ ಪರವಾಗಿ ಬಿತ್ತನೆ ಬೀಜದ ವಿಷಯ ಹೇಳಲು ನಾನೂ ಹೋಗಿದ್ದೆ. ಹಿಂದಿನ ರಾತ್ರಿ ಎರಡು ವಾರ ಕಾದಿದ್ದ ಮಳೆ ಸುರಿದಿತ್ತು. ದಾರಿಯುದ್ದಕ್ಕೂ ಹೊಲಗಳಲ್ಲಿ ಕೂರಿಗೆ ಹೂಡಿದ್ದರು. ಶಾಮಿಯಾನದ ಕೆಳಗೆ ಇದ್ದವರು ಹದಿನೇಳು ಮಂದಿ, ಅದರಲ್ಲಿ ಒಂಬತ್ತು ಮಂದಿ ನಮ್ಮಂಥ ನೌಕರರು. ಬೀಜದ ವಿಷಯ ಯಾರಿಗೆ ಹೇಳಲಿ? ಕೇಳಬೇಕಾದವರೆಲ್ಲ ಆಗಲೇ ಬಿತ್ತುತ್ತಿದ್ದರು. ಕಾಮಗಾರಿಗಳ ಪಟ್ಟಿ ಓದಿದರು, ಓದಿದ್ದೇ ಒಪ್ಪಿಗೆಯಾಯಿತು. ಸೋರುತ್ತಿದ್ದ ಶಾಲೆಯ ಮಾಳಿಗೆಯ ಮಾತು ಅದರಲ್ಲಿರಲಿಲ್ಲ. ನಾನೂ ಬಾಯಿ ತೆರೆಯಲಿಲ್ಲ, ನನ್ನ ಇಲಾಖೆಯದಲ್ಲವೆಂದು. ಎರಡು ದಿನದ ಮೇಲೆ ಹೊಲದ ಬದುವಿನಲ್ಲಿ ಸಿಕ್ಕ ಒಬ್ಬ ಹಿರಿಯರು, "ಏನು ಸಾಹೇಬರೇ, ಸಭೆ ಮಾಡಿದ್ರಂತೆ, ನಮ್ಮನ್ನ ಕಾಯಬಾರದಿತ್ತಾ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಮೇಲೆ ನಾನು ಹೋದ ಪಂಚಾಯಿತಿಗಳಲ್ಲೆಲ್ಲ ಕಾರ್ಯದರ್ಶಿಗಳನ್ನೂ ಅಭಿವೃದ್ಧಿ ಅಧಿಕಾರಿಗಳನ್ನೂ ಒಂದು ಮಾತು ಕೇಳುತ್ತಾ ಬಂದಿದ್ದೇನೆ. ಸಭೆಯ ತಿಥಿ ಇಡುವ ಮೊದಲು ಆ ಊರಿನ ನಾಟಿ ಯಾವಾಗ, ಒಕ್ಕಣೆ ಯಾವಾಗ, ಸಂತೆ ಯಾವ ವಾರ, ಹಾಲಿನ ಡೇರಿಗೆ ಎಷ್ಟು ಗಂಟೆಗೆ ಜನ ಬರುತ್ತಾರೆ ಎಂದು ನಾಲ್ಕು ಜನ ರೈತರನ್ನೂ ನಾಲ್ಕು ಜನ ಹೆಣ್ಣುಮಕ್ಕಳನ್ನೂ ವಿಚಾರಿಸಿ. ತಿಥಿಯನ್ನೂ ವಿಷಯಪಟ್ಟಿಯನ್ನೂ ಪಂಚಾಯಿತಿಯ ಗೋಡೆಯ ಮೇಲಷ್ಟೇ ಅಲ್ಲ, ಡೇರಿಯ ಬಾಗಿಲಿಗೂ ನ್ಯಾಯಬೆಲೆ ಅಂಗಡಿಯ ಬಾಗಿಲಿಗೂ ಅಂಟಿಸಿ. ಕೆಲವರು ನಕ್ಕರು, ಮೇಲಿನಿಂದ ಬಂದ ತಾರೀಖು ಎಂದರು. ಒಂದು ಕಡೆ ಮಾತ್ರ ಸಭೆಯನ್ನು ಕೊಯ್ಲಾದ ಮೇಲೆ, ಸಂಜೆಯ ಹಾಲು ಅಳೆದ ನಂತರ, ಡೇರಿಯ ಅಂಗಳದಲ್ಲೇ ಇಟ್ಟರು. ಅಂದು ಜಮಖಾನೆ ಸಾಲದೆ ಪಕ್ಕದ ಮನೆಗಳಿಂದ ಚಾಪೆ ತರಿಸಬೇಕಾಯಿತು, ಶಾಲೆಯ ವಿಷಯ ಒಂದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು.